ಇಳಿಯದ ಗಾಲಿ

ಹಾರಿ ಬಂದ ಪಕ್ಷಿಯು ಕೊಂಬೆಯ ಮೇಲೆ ಕೂರುವ ಮುನ್ನ, ಮಡಿಸಿಕೊಂಡಿದ್ದ ಕಾಲುಗಳನ್ನು ಮುಂದೆ ಚಾಚುವುದನ್ನು ವಾಚಕ ಬಂಧುಗಳೆಲ್ಲರೂ ಕಂಡಿರುವಿರಿ. ಅನೇಕ ವಿಮಾನಗಳ ರೀತಿಯೂ ಅದೇ. ಗಾಳಿಯ ತಡೆ ಕಡಿಮೆಯಾಗಲೆಂದು, ನೆಲ ಬಿಟ್ಟೊಡನೆ ಗಾಲಿಗಳನ್ನು ಒಡಲೊಳಗೆ ಸೆಳೆದುಕೊಂಡು, ಇಳಿಯುವಾಗ ಮತ್ತೆ ಹೊರಚಾಚುತ್ತವೆ. ಚಾಚಬೇಕಾದ ಕಾಲು ಹೊರಬಾರದೆ ಹೋದರೆ?

2024ರ ಮೇ 13ರಂದು ಆಸ್ಟ್ರೇಲಿಯಾ ದೇಶದ ನ್ಯೂಕ್ಯಾಸಲ್ ವಿಮಾನ ನಿಲ್ದಾಣದಿಂದ, ಖಾಸಗಿ ಸಂಸ್ಥೆಯೊಂದರ ಎರಡು ಎಂಜಿನ್ನುಗಳ ಸಣ್ಣ ವಿಮಾನವೊಂದು ಪೋರ್ಟ್ ಮ್ಯಾಕ್ವಾರಿ ಎಂಬ ಊರಿಗೆ ಹೊರಟಿತು. ಅದು ಅರ್ಧ ಗಂಟೆಯ ಪಯಣ. ಒಳಗಿದ್ದವರು ಮೂವರೇ: 53 ವಯಸ್ಸಿನ ಚಾಲಕ, ಅರವತ್ತು ಮುಟ್ಟಿದ ಹಾಗೂ ದಾಟಿದ ಇಬ್ಬರು ಪ್ರಯಾಣಿಕರು. ಅಂದರೆ ಹೆಚ್ಚುಕಡಿಮೆ ನಮ್ಮದೇ ವಯಸ್ಸಿನವರು. ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಗಾಲಿಗಳ ಯಂತ್ರ ಕೆಟ್ಟಿರುವುದು ಚಾಲಕನಿಗೆ ತಿಳಿಯಿತು.

ಮೂರು ಗಾಲಿಗಳು ಹೊರಬಂದು ಭದ್ರವಾದರೆ ಚಾಲಕನ ಎದುರು ಮೂರು ಹಸಿರು ದೀಪಗಳು ಬೆಳಗುತ್ತವೆ. ಬೆಳಗದಿದ್ದಲ್ಲಿ ಬೇರೆ ಉಪಾಯಗಳುಂಟು. ಕೆಲವು ಸಣ್ಣ ವಿಮಾನಗಳಲ್ಲಿ ಕೈಯಿಂದ ತಿರುಗಿಸುವ ಹಿಡಿಯೇ ಇರುತ್ತದೆ. ಬೊನಾಂಜಾ ಎಂಬ ವಿಮಾನದಲ್ಲಿ ಅದನ್ನು ಸುಮಾರು ಐವತ್ತು ಸುತ್ತು ತಿರುಗಿಸಬೇಕು. ಬಾವಿಯ ರಾಟೆ ಸೇದಿ ಬಲ್ಲವರಿಗೆ ಇದು ಅರ್ಥವಾದೀತು! ಯಾವ ಉಪಾಯವೂ ಫಲಿಸದಿದ್ದಾಗ ಉಳಿಯುವುದು ಒಡಲನ್ನೇ ನೆಲಕ್ಕೆ ತಾಗಿಸಿ ಇಳಿಸುವ ಮಾರ್ಗವೊಂದೇ.

ನ್ಯೂಕ್ಯಾಸಲ್ಲಿನ ಆ ಚಾಲಕ ಅವಸರಪಡಲಿಲ್ಲ. ಸುಮಾರು ಮೂರು ಗಂಟೆಗಳ ಕಾಲ ನಿಲ್ದಾಣದ ಮೇಲೆಯೇ ಸುತ್ತಿದನು. ಟ್ಯಾಂಕಿನ ಇಂಧನ ಉರಿದು ಕಡಿಮೆಯಾದಷ್ಟೂ ಬೆಂಕಿಯ ಭಯ ಕಡಿಮೆ. ಭಾರ ಇಳಿದಷ್ಟೂ ನಿಧಾನವಾಗಿ ನೆಲ ಮುಟ್ಟಬಹುದು. ಕೆಳಗೆ ಅಗ್ನಿಶಾಮಕ ವಾಹನಗಳೂ ಆಂಬುಲೆನ್ಸುಗಳೂ ಬಂದು ನಿಂತವು. ಆ ಇಬ್ಬರು ಪ್ರಯಾಣಿಕರಿಗೆ ಮಾತ್ರ ಮಾಡಲು ಏನೂ ಇರಲಿಲ್ಲ. ಅರ್ಧ ಗಂಟೆಗೆಂದು ಹೊರಟವರು ಮೂರು ಗಂಟೆ ಸುಮ್ಮನೆ ಕುಳಿತಿರಬೇಕಾಯಿತು. ಚಾಲಕನ ಕೆಲಸಕ್ಕಿಂತ ಅದೇ ಕಠಿಣವೆಂದು ನಮಗೆ ತೋರುತ್ತದೆ.

ಗಾಲಿಯ ದೋಷಕ್ಕಿಂತ ಗಾಲಿಯ ಚಿಂತೆಯೇ ಹೆಚ್ಚು ಅಪಾಯಕಾರಿ ಎಂಬುದಕ್ಕೆ ದೊಡ್ಡ ವಿಮಾನವೊಂದರ ದುರಂತ ಸಾಕ್ಷಿಯಾಗಿದೆ. 1972ರ ಡಿಸೆಂಬರ್ 29ರ ರಾತ್ರಿ, ಅಮೆರಿಕದ ಮಯಾಮಿಯಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನದಲ್ಲಿ ಮುಂದಿನ ಗಾಲಿಯ ಹಸಿರು ದೀಪ ಬೆಳಗಲಿಲ್ಲ. ಚಾಲಕರೆಲ್ಲರೂ ಆ ಪುಟ್ಟ ದೀಪದ ಪರೀಕ್ಷೆಯಲ್ಲಿ ಮಗ್ನರಾದರು. ಎತ್ತರ ಕಾಯ್ದುಕೊಳ್ಳುತ್ತಿದ್ದ ಸ್ವಯಂಚಾಲಕ ವ್ಯವಸ್ಥೆ ಅರಿವಿಲ್ಲದೆ ಕಳಚಿಕೊಂಡಿದ್ದು, ವಿಮಾನ ಮೆಲ್ಲಗೆ ಕೆಳಗಿಳಿಯುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ. ಅದು ಎವರ್‌ಗ್ಲೇಡ್ಸ್ ಜೌಗುಭೂಮಿಗೆ ಅಪ್ಪಳಿಸಿತು. 176 ಜನರಲ್ಲಿ 101 ಮಂದಿ ಮಡಿದರು. ಕೆಟ್ಟಿದ್ದುದು ದೀಪ ಮಾತ್ರ. ಗಾಲಿ ಆಗಲೇ ಸರಿಯಾಗಿ ಇಳಿದಿತ್ತು.

ನ್ಯೂಕ್ಯಾಸಲ್ಲಿನಲ್ಲಿ ಗಾಲಿ ನಿಜವಾಗಿಯೂ ಇಳಿದಿರಲಿಲ್ಲ. ಮಧ್ಯಾಹ್ನ ಹನ್ನೆರಡು ಗಂಟೆ ದಾಟಿದ ಮೇಲೆ ಚಾಲಕನು ವಿಮಾನವನ್ನು ರನ್‌ವೇಗೆ ತಂದು, ರೆಕ್ಕೆಗಳನ್ನು ಸಮನಾಗಿ ಹಿಡಿದು, ವೇಗ ತಗ್ಗಿಸಿ, ಒಡಲನ್ನು ಮೆಲ್ಲಗೆ ನೆಲಕ್ಕೆ ತಾಗಿಸಿದನು. ಅದು ನೇರವಾಗಿಯೇ ಜಾರುತ್ತ ಹೋಗಿ ನಿಂತಿತು. ಬೆಂಕಿ ಹೊತ್ತಲಿಲ್ಲ. ಅಗ್ನಿಶಾಮಕ ಸಿಬ್ಬಂದಿ ಸುತ್ತುವರಿಯುತ್ತಿದ್ದಂತೆ ಬಾಗಿಲು ತೆರೆಯಿತು. ಮೂವರೂ ತಮ್ಮ ಕಾಲಮೇಲೆಯೇ ನಡೆದು ಹೊರಬಂದರು.