ಕೂರುವ ಹಾಳೆ, ಬರೆಯುವ ಹಾಳೆ

ಮೇ ರಜೆಗೆ ಶಿರ್ವದ ಮನೆಗೆ ಬಂದಿದ್ದ ತಂಗಿಯ ಮಗಳಿಗೆ ನನ್ನ ಬಾಲ್ಯದ ಕಥೆ ಹೇಳುತ್ತಿದ್ದೆ. ಒಬ್ಬರು ಹಾಳೆಯ ಮೇಲೆ ಕೂರುವುದು, ಇನ್ನೊಬ್ಬರು ಅದನ್ನು ಹಿಡಿದು ತೋಟದ ತುಂಬ ಎಳೆಯುವುದು ಎಂದೆ. ಆರು ವರ್ಷದ ಹುಡುಗಿ ಕೇಳಿದಳು: "ಹಾಳೆ ಹರಿದುಹೋಗುವುದಿಲ್ವಾ ಮಾಮ?"

ಅವಳಿಗೆ ಹಾಳೆ ಎಂದರೆ ನೋಟ್‌ಬುಕ್ಕಿನದು. ನಾನು ಹೇಳಿದ್ದು ಅಡಿಕೆ ಹಾಳೆ. ಮನೆಯವರೆಲ್ಲ ನಕ್ಕರು. ಈಗಿನ ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದು ನಾನೂ ನಕ್ಕೆ. ರಾತ್ರಿ ಆ ನಗು ನನಗೇ ಚುಚ್ಚಿತು.

ಗೊತ್ತಾಗುವುದಾದರೂ ಹೇಗೆ? ಕರಾವಳಿಯ ನಮ್ಮ ತಲೆಮಾರಿನವರು ಬಾಲ್ಯದ ಬಗ್ಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ಲಗೋರಿ ಆಡಿದ್ದು, ಬೈರಾಸಿನಲ್ಲಿ ತೋಡಿನ ಮೀನು ಹಿಡಿದದ್ದು, ಕುಂಟಲ ಹಣ್ಣು ತಿಂದು ನಾಲಿಗೆಯ ಬಣ್ಣ ಬದಲಾದದ್ದು. ವಿಶೇಷಾಂಕ, ಅಂಕಣ, ಫೇಸ್‌ಬುಕ್, ಎಲ್ಲೆಲ್ಲೂ ಅದೇ. ನಾನೂ ಬರೆದಿದ್ದೇನೆ, ಕೊನೆಗೆ ಮೊಬೈಲಿಗೆ ಬೈದಿದ್ದೇನೆ. ಆದರೆ ಇವೆಲ್ಲ ದೊಡ್ಡವರು ದೊಡ್ಡವರಿಗಾಗಿ ಬರೆದದ್ದು. ಆಟದ ಸುಖ ಉಂಡವರೂ ನಾವೇ, ನೆನಪಿನ ಸುಖ ಉಣ್ಣುತ್ತಿರುವವರೂ ನಾವೇ. ಮಕ್ಕಳ ಪಾಲಿಗೆ ಬಂದದ್ದು ಬೈಗುಳ ಮಾತ್ರ.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದವರು ಮಕ್ಕಳಲ್ಲ. ಗದ್ದೆ ಹಡಿಲು ಬಿಟ್ಟವರು, ಗುಡ್ಡೆಯನ್ನು ಕಲ್ಲಿನ ಕೋರೆಗೆ ಕೊಟ್ಟವರು, ಮರಕ್ಕೆ ಕೈ ಹಾಕಿದರೆ "ಬೀಳ್ತೀ" ಎಂದು ಕೂಗುವವರು ನಾವು. ಹೊರಗೆ ಆಡಿ ಬೆಳೆದ ನಾವು ಮಕ್ಕಳಿಗೆ ಆಟದ ಜಾಗವನ್ನೂ ಬಾಕಿ ಇಟ್ಟಿದ್ದೇವೆ, ಆಟದ ಚಿತ್ರಪುಸ್ತಕವನ್ನೂ ಬಾಕಿ ಇಟ್ಟಿದ್ದೇವೆ. ನೆನಪಿನ ಪ್ರಬಂಧದಿಂದ ಈ ಸಾಲ ತೀರುವುದಿಲ್ಲ.

ಮರುದಿನ ಒಂದು ಹಾಳೆ ಹುಡುಕಿ ಅವಳನ್ನು ತೋಟದಲ್ಲಿ ಎಳೆದೆ. ಸಂಜೆ ಅವಳು ಅದರ ಚಿತ್ರ ಬಿಡಿಸಿದಳು. ಅದರಲ್ಲಿ ನನ್ನ ಮುಖವಿರಲಿಲ್ಲ, ಎರಡು ದೊಡ್ಡ ಹಿಮ್ಮಡಿಗಳಿದ್ದವು. ಹಾಳೆಯ ಮೇಲೆ ಕೂತವರಿಗೆ ಕಾಣುವುದು ಅದೇ! ಆಟ ಚಿತ್ರಪುಸ್ತಕಕ್ಕೆ ಕೊಡುವುದು ಬರೀ ವಿಷಯವನ್ನಲ್ಲ, ನೋಡುವ ಎತ್ತರವನ್ನು. ಓಟವನ್ನೂ ಕೊಡುತ್ತದೆ. ಅಡಿಕೆ ಮರದ ಬುಡಗಳು ಹಿಂದೆ ಸರಿಯುತ್ತವೆ, ತಿರುವು ಬರುತ್ತದೆ, ಅಲ್ಲಿ ಪುಟ ತಿರುಗಬೇಕು. ಮುಂದಿನ ಪುಟದಲ್ಲಿ ಎಳೆಯುವವನ ಕೈಯಲ್ಲಿ ಖಾಲಿ ಹಾಳೆ, ಕೂತವನು ತೋಡಿನಲ್ಲಿ. ಒಂದು ಮಾತೂ ಬೇಡ. ಲಗೋರಿಯ ಕಲ್ಲು ಉರುಳುವುದು, ಕಣ್ಣಾಮುಚ್ಚಾಲೆಯಲ್ಲಿ ಅಡಗಿದವನು ಸಿಕ್ಕಿಬೀಳುವುದು, ಇವೂ ಪುಟ ತಿರುಗುವ ಕ್ಷಣಗಳೇ.

ಅಮೆರಿಕದ ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ 'ದಿ ಸ್ನೋಯಿ ಡೇ' ಎಂಬ ಚಿತ್ರಪುಸ್ತಕ ಮಾಡಿದರು. ಪೀಟರ್ ಎಂಬ ಹುಡುಗ ಹಿಮದಲ್ಲಿ ಆಡುತ್ತಾನೆ, ಹಿಮದ ಉಂಡೆಯೊಂದನ್ನು ಜೇಬಿನಲ್ಲಿಟ್ಟು ಮನೆಗೆ ತರುತ್ತಾನೆ, ಅದು ಕರಗಿಹೋಗುತ್ತದೆ. ನೀತಿಪಾಠವಿಲ್ಲ. ಮರುವರ್ಷ ಅದಕ್ಕೆ ಕಾಲ್ಡಿಕಾಟ್ ಪದಕ ಬಂತು. ನಾವಾದರೆ ಹಾಳೆ ಎಳೆದ ಕಥೆಯ ಕೊನೆಗೂ "ಬಿದ್ದವರನ್ನು ನೋಡಿ ನಗಬಾರದು" ಎಂದು ಸೇರಿಸದೆ ಬಿಡುವುದಿಲ್ಲ.

ನಮ್ಮಲ್ಲಿ ದಾರಿ ತೋರಿದವರಿಲ್ಲ ಎನ್ನುವಂತಿಲ್ಲ. ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಕೋಟದ ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲಪ್ರಪಂಚ' ಕೊಟ್ಟರು. ಶಿರ್ವಕ್ಕೆ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬೈಯಲ್ಲಿ ನೆಲೆಸಿಯೂ ಹುಟ್ಟೂರಿನ ಬದುಕನ್ನು ಗೆರೆಯಲ್ಲಿ ಹಿಡಿದರು. ಮಾತೂ ಗೆರೆಯೂ ಈ ಸೀಮೆಯಲ್ಲೇ ಇದ್ದವು. ಅವೆರಡನ್ನೂ ಮಗುವಿನ ಮಡಿಲಲ್ಲಿ ಒಟ್ಟಿಗೆ ಇಡುವ ಕೆಲಸವನ್ನು ನಾವು ಮಾಡಲಿಲ್ಲ.

ಅನುವಾದಗಳಿವೆಯಲ್ಲ ಎನ್ನಬಹುದು. ಇವೆ, ಬೇಕು ಕೂಡ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಕಥೆ ಓದಬಹುದು, ಅನುವಾದಿಸಬಹುದು, ಹೊಸದನ್ನು ಸೇರಿಸಬಹುದು. ಬಾಗಿಲು ತೆರೆದೇ ಇದೆ. ಆದರೆ ಅಡಿಕೆ ಹಾಳೆಯ ಕಥೆಯನ್ನು ಬೇರೆ ಊರಿನವರು ನಮಗಾಗಿ ಬರೆದುಕೊಡಲಿ ಎಂದು ಕಾಯುವುದು ಯಾವ ನ್ಯಾಯ?

ಇನ್ನೊಂದು ಮಾತು. ಪ್ರಬಂಧದಲ್ಲಿ "ನಾವೆಲ್ಲ ಆಡುತ್ತಿದ್ದೆವು" ಎಂದು ಬರೆದು ಪಾರಾಗಬಹುದು. ಚಿತ್ರದಲ್ಲಿ ಆಗುವುದಿಲ್ಲ. ಗದ್ದೆಯ ಬದಿಯಲ್ಲಿ ಪುಟ್ಟ ತಮ್ಮನನ್ನು ಸೊಂಟದ ಮೇಲೆ ಹೊತ್ತು ನೋಡುತ್ತ ನಿಂತಿದ್ದ ಅಕ್ಕಂದಿರನ್ನು ಬಿಡಿಸಬೇಕಾಗುತ್ತದೆ. ಆಟಕ್ಕೆ ಸೇರಿಸದೆ ದೂರ ನಿಲ್ಲಿಸಿದವರನ್ನೂ. ನಾವು ಚಿತ್ರಪುಸ್ತಕ ಬಿಟ್ಟು ಪ್ರಬಂಧವನ್ನೇ ಹಿಡಿದುಕೊಂಡದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಬಾಲ್ಯದ ಪ್ರಬಂಧ ಇನ್ನು ನಾನು ಬರೆಯುವುದಿಲ್ಲ. ತೋಡಿಗೆ ಬಿದ್ದವನ ಕಥೆಗೆ ಗೆರೆ ಎಳೆಯುವವರನ್ನು ಹುಡುಕುತ್ತಿದ್ದೇನೆ. ನಿಮ್ಮ ಬಳಿ ಯಾವ ಆಟವಿದೆ? ಅದನ್ನು ನನಗೆ ಹೇಳಬೇಡಿ. ಆರು ವರ್ಷದವರಿಗೆ ಕಾಣುವಂತೆ ಮಾಡಿ.