ಕಾಮರ್ಸ್‌ನವರಿಗೆ ಪ್ರೋಗ್ರಾಮಿಂಗ್ ಏಕೆ?

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಎಂದರೆ ಸೈನ್ಸ್‌ನವರ ಜಾಗ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಕಾಮರ್ಸ್‌ನವರು ಪಿಯುಸಿ ಮುಗಿಸಿ, ಕಲಬುರಗಿಗೆ ಹೋಗಿ ಮೂರು ತಿಂಗಳು ಟ್ಯಾಲಿ ಕಲಿತು, ಯಾವುದಾದರೂ ಆಡಿಟರ್ ಆಫೀಸಿಗೆ ಸೇರಿದರೆ ಸಾಕು ಎಂಬುದು ಮನೆಯವರ ಲೆಕ್ಕ. ಅದರಲ್ಲಿ ತಪ್ಪೇನಿಲ್ಲ, ನಾನೂ ಟ್ಯಾಲಿ ಕಲಿಯುವವನೇ. ಆದರೆ ದ್ವಿತೀಯ ಪಿಯುಸಿ ಮುಗಿಯುವುದರೊಳಗೆ ಕಾಮರ್ಸ್ ಓದುವ ಪ್ರತಿಯೊಬ್ಬರೂ ತಮ್ಮ ಕೈಯಾರೆ ಒಂದು ಸಣ್ಣ ಡೆಸ್ಕ್‌ಟಾಪ್ ಪ್ರೋಗ್ರಾಮ್ ಬರೆದಿರಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳಬೇಕಾದರೆ ನಮ್ಮ ಅಂಗಡಿಯ ಉದ್ರಿ ಪುಸ್ತಕದಿಂದ ಶುರು ಮಾಡಬೇಕು.

ಕರಜಗಿಯಲ್ಲಿ ಅಬ್ಬಾ ಅವರದು ಒಂದು ಸಣ್ಣ ಕಿರಾಣಿ ಅಂಗಡಿ. ನಮ್ಮ ಕಡೆ ಕಿರಾಣಿ ವ್ಯಾಪಾರ ಹೇಗೆ ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ತೊಗರಿ ಮಾರಿದ ಮೇಲೆ ಕೊಡ್ತೀನಿ, ಕಬ್ಬಿನ ಬಿಲ್ ಬಂದ ಮೇಲೆ ಕೊಡ್ತೀನಿ ಎನ್ನುತ್ತಾರೆ. ಅಲ್ಲಿಯವರೆಗೆ ಎಣ್ಣೆ, ಸಕ್ಕರೆ, ಚಹಾಪುಡಿ, ಸಾಬೂನು ಎಲ್ಲವೂ ಉದ್ರಿ. ಅಬ್ಬಾ ಅದನ್ನೆಲ್ಲ ಉದ್ದನೆಯ ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆದಿಡುತ್ತಾರೆ. ಗಿರಾಕಿಗಳಲ್ಲಿ ಬಹಳ ಮಂದಿ ಕನ್ನಡ ಓದುವವರು, ಕೆಲವರಿಗೆ ಓದಲು ಬರುವುದೇ ಇಲ್ಲ. ಅಂದರೆ ತಮ್ಮ ಸಾಲ ಎಷ್ಟಿದೆ ಎಂದು ತಾವೇ ನೋಡಿಕೊಳ್ಳುವಂತಿಲ್ಲ, ಅಬ್ಬಾ ಹೇಳಿದ್ದೇ ಲೆಕ್ಕ. ಜನ ನಂಬುತ್ತಾರೆ. ಆದರೆ ಆ ನಂಬಿಕೆಯ ಭಾರ ಪೂರ್ತಿ ಒಬ್ಬರ ಮೇಲೆಯೇ ಇದೆ.

ಹೋದ ಬೇಸಿಗೆ ರಜೆಯಲ್ಲಿ ಚಾಚಾನ ಮಗ ತನ್ನ ಹಳೆಯ ಲ್ಯಾಪ್‌ಟಾಪ್ ನನಗೆ ಕೊಟ್ಟ. ಅದರಲ್ಲಿ ಪೈಥಾನ್ ಹಾಕಿಕೊಟ್ಟು, ಎರಡು ದಿನ ಕೂತು ಟಿಕಿಂಟರ್ ತೋರಿಸಿದ. ಟಿಕಿಂಟರ್ ಎಂದರೆ ಪರದೆಯ ಮೇಲೆ ವಿಂಡೋ, ಅದರಲ್ಲಿ ಬರೆಯುವ ಖಾನೆ, ಒತ್ತುವ ಬಟನ್ ಇವನ್ನೆಲ್ಲ ಮಾಡಿಕೊಡುವ ಸಾಧನ. ವಿಂಡೋಸ್‌ನಲ್ಲಿ ಪೈಥಾನ್ ಜೊತೆಗೇ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಕೂಡ ಬೇಕಿಲ್ಲ. ನನ್ನ ಮೊದಲ ಪ್ರೋಗ್ರಾಮಿನಲ್ಲಿ ಮೂರು ಖಾನೆ, ಒಂದು ಬಟನ್ ಇದ್ದವು: ಹೆಸರು, ತಾರೀಖು, ಮೊತ್ತ, ಕೆಳಗೆ 'ಉಳಿಸು'. ನಲವತ್ತು ಸಾಲಿನ ಕೋಡ್. ಬಟನ್ ಒತ್ತಿದ ಕೂಡಲೇ ಕೆಳಗೆ ಬಾಕಿ ಮೊತ್ತ ಕಾಣಿಸಿಕೊಂಡಾಗ ಆದ ಖುಷಿ ಇಲ್ಲಿ ಬರೆಯಲಾರೆ. ಅಂಗಡಿಯ ಲೆಕ್ಕ ಇನ್ನು ಮುಂದೆ ಕಂಪ್ಯೂಟರಿನಲ್ಲೇ ಎಂದು ಅವತ್ತೇ ಅಮ್ಮಿಗೆ ಹೇಳಿಬಿಟ್ಟೆ.

ಒಂದು ವಾರದಲ್ಲಿ ಮೂರು ತಪ್ಪುಗಳು ಹೊರಗೆ ಬಂದವು. ನಾನು ನಿಜವಾಗಿ ಕಲಿತದ್ದು ಆ ಮೂರರಿಂದಲೇ.

ಮೊದಲನೆಯದು, ನಾನು ಬಾಕಿ ಮೊತ್ತವನ್ನು ಮಾತ್ರ ಉಳಿಸುತ್ತಿದ್ದೆ. ಹೊಸ ಉದ್ರಿ ಬಂದರೆ ಹಳೆಯ ಮೊತ್ತಕ್ಕೆ ಕೂಡಿಸುವುದು, ಹಣ ಕೊಟ್ಟರೆ ಕಳೆಯುವುದು. ಒಬ್ಬರು ಬಂದು "1,860 ಹ್ಯಾಂಗಾತು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅಬ್ಬಾ ಪುಸ್ತಕ ತೆಗೆದು, ಯಾವ ದಿನ ಏನು ಒಯ್ದಿದ್ದು ಎಂದು ಓದಿ ಹೇಳಿದರು. ಆಗ ನಾಚಿಕೆಯಾಯಿತು. ಯಾಕೆಂದರೆ ಇದು ಅಕೌಂಟೆನ್ಸಿಯ ಮೊದಲ ಪಾಠ: ಮೊದಲು ಜರ್ನಲ್, ಆಮೇಲೆ ಲೆಡ್ಜರ್, ಕೊನೆಗೆ ಬ್ಯಾಲೆನ್ಸ್. ಪ್ರತಿಯೊಂದು ವ್ಯವಹಾರವನ್ನೂ ಬೇರೆ ಬೇರೆ ಬರೆಯಬೇಕು, ಬಾಕಿಯನ್ನು ಅದರಿಂದ ಲೆಕ್ಕ ಹಾಕಿ ತೆಗೆಯಬೇಕು. ಪೈಥಾನ್ ಜೊತೆಗೇ ಬರುವ ಎಸ್‌ಕ್ಯೂಲೈಟ್‌ನಲ್ಲಿ ಒಂದು ಟೇಬಲ್ ಮಾಡಿ, ಒಂದೊಂದು ವ್ಯವಹಾರಕ್ಕೆ ಒಂದೊಂದು ಸಾಲು ಬರುವಂತೆ ಮತ್ತೆ ಬರೆದೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ತೆಗೆದುಕೊಂಡಿದ್ದೆ, ಆದರೆ ಏಕೆ ಹಾಗೆ ಬರೆಯಬೇಕೆಂದು ತಿಳಿದದ್ದು ಆ ದಿನ.

ಎರಡನೆಯದು ಹೆಸರಿನ ಗೋಳು. ನಮ್ಮ ಗಿರಾಕಿಗಳಲ್ಲಿ ಒಂದೇ ಹೆಸರಿನವರು ಮೂವರಿದ್ದಾರೆ. ಪ್ರೋಗ್ರಾಮ್ ಮೂವರನ್ನೂ ಒಬ್ಬರೇ ಎಂದುಕೊಂಡು ಲೆಕ್ಕ ಕೂಡಿಸಿಬಿಟ್ಟಿತ್ತು. ಅಬ್ಬಾ ಅವರ ಪುಸ್ತಕದಲ್ಲಿ ಈ ತೊಂದರೆ ಎಂದೂ ಬಂದಿಲ್ಲ. ಅವರು ಹೆಸರಿನ ಪಕ್ಕದಲ್ಲಿ 'ಬಾವಿ ಕಡೆಯವರು', 'ಟ್ರ್ಯಾಕ್ಟರಿನವರು', 'ಮಾಸ್ತರರ ತಮ್ಮ' ಎಂದು ಬರೆದುಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಒಂದು ಬೇರೆ ನಂಬರ್ ಕೊಡಬೇಕು ಎಂಬ ಡೇಟಾಬೇಸ್ ಪಾಠವನ್ನು ಅಬ್ಬಾ ಪುಸ್ತಕವಿಲ್ಲದೆಯೇ ಕಲಿತಿದ್ದರು. ನಾನು ಬ್ಯಾಂಕಿನವರ ಹಾಗೆ ಖಾತೆ ನಂಬರ್ ಕೊಟ್ಟೆ, ಜೊತೆಗೆ ಅಬ್ಬಾ ಇಟ್ಟ ಗುರುತಿಗೂ ಒಂದು ಖಾನೆ ಸೇರಿಸಿದೆ.

ಮೂರನೆಯದೇ ದೊಡ್ಡದು. ಒಬ್ಬ ಆಯಿ ಎಣ್ಣೆ, ಬೇಳೆ ಒಯ್ದರು, 240 ರೂಪಾಯಿ. ನಾನು 'ಉಳಿಸು' ಒತ್ತಿದೆ. ಪರದೆಯ ಮೇಲೆ ಏನೂ ಬದಲಾದಂತೆ ಕಾಣಲಿಲ್ಲ, ಮತ್ತೊಮ್ಮೆ ಒತ್ತಿದೆ. ಎರಡು ಸಲ ಬರೆದುಕೊಂಡಿತು. ಮುಂದಿನ ವಾರ ಅವರು ಹಣ ಕೊಡಲು ಬಂದಾಗ ನಾನು 480 ಎಂದೆ. "ತಮ್ಮಾ, ನಾ ಒಂದ ಸಲಾ ಒಯ್ದೀನಿ, ಎರಡ ಸಲಾ ಯಾಕ ಬರದೀ?" ಎಂದರು. ಕಂಪ್ಯೂಟರಿನಲ್ಲಿ ಹಾಗೇ ಇದೆ ಎಂದು ನಾನು ವಾದ ಮಾಡಿದೆ. ಅವರು ಸುಮ್ಮನಾಗಿ ಸೀರೆ ಸೆರಗಿನ ಗಂಟು ಬಿಚ್ಚತೊಡಗಿದರು. ಅಷ್ಟರಲ್ಲಿ ನಮಾಜ್ ಮುಗಿಸಿ ಬಂದ ಅಬ್ಬಾ ಪುಸ್ತಕ ನೋಡಿ, 240 ಮಾತ್ರ ತೆಗೆದುಕೊಂಡು, ಆಯಿಯ ಕ್ಷಮೆ ಕೇಳಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ "ಮಷೀನ್ ಬೋಲೇ ತೋ ಸಚ್ ಹೋತಾ ಕ್ಯಾ?" ಎಂದರು. ಮಷೀನ್ ಹೇಳಿದ ಮಾತ್ರಕ್ಕೆ ನಿಜವಾಗುತ್ತದೆಯೇ? ಅಷ್ಟೇ. ಬೈಯಲಿಲ್ಲ.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಆಯಿ ಸುಮ್ಮನೆ 480 ಕೊಟ್ಟು ಹೋಗಿದ್ದರೆ ಆ 240 ನಮ್ಮ ಮನೆಯ ಅನ್ನದಲ್ಲಿ ಸೇರುತ್ತಿತ್ತು. ಕುರ್‌ಆನಿನ ಅತ್ಯಂತ ಉದ್ದನೆಯ ಆಯತ್ ಸೂರಾ ಬಖರಾದ 282ನೆಯದು, ಅದು ಸಾಲದ ಲೆಕ್ಕದ ಬಗ್ಗೆಯೇ ಇದೆ. ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಮೊತ್ತ ಸಣ್ಣದೆಂದು ಬೇಸರಪಡಬಾರದು ಎಂದು ಅದರಲ್ಲಿ ಆದೇಶವಿದೆ. ಇನ್ನೊಂದು ಮಾತೂ ಇದೆ: ಸಾಲ ಪಡೆದವನೇ ಹೇಳಿ ಬರೆಸಬೇಕು. ಈ ಆಯತನ್ನು ಮದರಸಾದಲ್ಲಿ ಎಷ್ಟೋ ಸಲ ಓದಿದ್ದೆ. ಬರೆಯುವವನ ಜಾಗದಲ್ಲಿ ನಾನೇ ಇದ್ದೇನೆ, ನನ್ನ ನಲವತ್ತು ಸಾಲಿನ ಕೋಡ್ ಇದೆ ಎಂದು ಮಾತ್ರ ಹೊಳೆದಿರಲಿಲ್ಲ.

ಅದರಂತೆಯೇ ಪ್ರೋಗ್ರಾಮ್ ಬದಲಾಯಿಸಿದೆ. ಈಗ 'ಉಳಿಸು' ಒತ್ತಿದರೆ ನೇರವಾಗಿ ಉಳಿಯುವುದಿಲ್ಲ. ಹೆಸರು, ಸಾಮಾನು, ಮೊತ್ತ ಮೂರೂ ದೊಡ್ಡ ಕನ್ನಡ ಅಕ್ಷರದಲ್ಲಿ ಬಂದು 'ಇಷ್ಟು ಸರಿಯೇ?' ಎಂದು ಕೇಳುತ್ತದೆ. ಲ್ಯಾಪ್‌ಟಾಪನ್ನು ಗಿರಾಕಿಯ ಕಡೆ ತಿರುಗಿಸುತ್ತೇನೆ. ಓದಲು ಬಾರದವರಿಗೆ ಓದಿ ಹೇಳುತ್ತೇನೆ. ಅವರು ಹೌದು ಎಂದ ಮೇಲೆ ಉಳಿಯುತ್ತದೆ, ಖಾನೆಗಳೆಲ್ಲ ಖಾಲಿಯಾಗುತ್ತವೆ, ಇನ್ನೊಮ್ಮೆ ಒತ್ತಿದರೂ ಏನೂ ಆಗುವುದಿಲ್ಲ. ತಪ್ಪಾದರೆ ಅಳಿಸುವ ಬಟನ್ ಇಟ್ಟಿಲ್ಲ. ಅಕೌಂಟೆನ್ಸಿಯಲ್ಲಿ ಕಲಿತ ಹಾಗೆ ತಿದ್ದುಪಡಿಯ ಎಂಟ್ರಿ ಹಾಕಬೇಕು, ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಕರೆಂಟು, ಬ್ಯಾಟರಿ ಎರಡೂ ನಂಬಿಗಸ್ತವಲ್ಲ, ಹಾಗಾಗಿ ಪ್ರತಿ ಎಂಟ್ರಿ ಆಗಿಂದಾಗ್ಗೆ ಡಿಸ್ಕಿಗೆ ಹೋಗುತ್ತದೆ, ರಾತ್ರಿ ಒಂದು ಕಾಪಿ ಪೆನ್‌ಡ್ರೈವಿಗೆ. ಅಬ್ಬಾ ಇನ್ನೂ ಪುಸ್ತಕ ಬಿಟ್ಟಿಲ್ಲ. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡುತ್ತೇವೆ. ಬಿಡಬೇಕೆಂದು ನಾನೂ ಈಗ ಹೇಳುವುದಿಲ್ಲ.

ಇದೆಲ್ಲ ಏಕೆ, ಟ್ಯಾಲಿ ಇದೆಯಲ್ಲ ಎಂದು ಗೆಳೆಯರು ಕೇಳುತ್ತಾರೆ. ಟ್ಯಾಲಿ ಹುಟ್ಟಿದ್ದು ಹೇಗೆಂದು ನೋಡಿ. ಶ್ಯಾಮ್ ಸುಂದರ್ ಗೋಯೆಂಕಾ ಎಂಬ ವ್ಯಾಪಾರಿ ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾಗೆ ನೀನೇ ಬರೆ ಎಂದರು. ಹಾಗೆ 1986ರಲ್ಲಿ ಬೆಂಗಳೂರಿನ ಕಂಪನಿ ಶುರುವಾಯಿತು. ಆಗ ಅದರ ಹೆಸರು ಪ್ಯೂಟ್ರಾನಿಕ್ಸ್, ಮೊದಲ ಪ್ರೋಗ್ರಾಮ್ ಎಂಎಸ್-ಡಾಸ್‌ನಲ್ಲಿ ನಡೆಯುತ್ತಿತ್ತು. 1999ರಲ್ಲಿ ಟ್ಯಾಲಿ ಸಲ್ಯೂಷನ್ಸ್ ಎಂದಾಯಿತು. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು. ನಾವು ಫೀಸು ಕಟ್ಟಿ ಕಲಿಯುವ ಟ್ಯಾಲಿ ಒಬ್ಬ ಮಗ ಅಪ್ಪನ ಲೆಕ್ಕಕ್ಕೆ ಬರೆದ ಪ್ರೋಗ್ರಾಮಿನಿಂದ ಬೆಳೆದದ್ದು. ನಮ್ಮ ಪ್ರೋಗ್ರಾಮ್ ಟ್ಯಾಲಿ ಆಗಬೇಕೆಂದು ನಾನು ಹೇಳುತ್ತಿಲ್ಲ. ಶುರುವಾಗುವ ಜಾಗ ಮನೆಯ ಲೆಕ್ಕವೇ ಎಂದು ಹೇಳುತ್ತಿದ್ದೇನೆ.

ಮೊಬೈಲಿನಲ್ಲಿ ಉದ್ರಿ ಆ್ಯಪ್‌ಗಳಿವೆ, ಎಐಗೆ ಕೇಳಿದರೆ ಕೋಡ್ ತಾನೇ ಬರೆದುಕೊಡುತ್ತದೆ ಎಂದೂ ಹೇಳುತ್ತಾರೆ. ಎರಡೂ ನಿಜ. ಎಲ್ಲಿಯಾದರೂ ಸಿಕ್ಕಿಬಿದ್ದಾಗ ನಾನೂ ಎಐಗೆ ಕೇಳಿದ್ದೇನೆ. ಆದರೆ ನಮ್ಮ ಊರಿನಲ್ಲಿ ಒಂದೇ ಹೆಸರಿನವರು ಮೂವರಿದ್ದಾರೆಂದು, ಗಿರಾಕಿಗೆ ಉರ್ದು ಬಾರದೆಂದು ಅದಕ್ಕೆ ನಾವು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಏನು ಹೇಳಬೇಕೆಂದು ತಿಳಿಯಲು ಲೆಕ್ಕವೂ ಗೊತ್ತಿರಬೇಕು, ಪ್ರೋಗ್ರಾಮ್ ಒಳಗೆ ಏನು ನಡೆಯುತ್ತದೆಂದೂ ಗೊತ್ತಿರಬೇಕು. 240 ಯಾಕೆ 480 ಆಯಿತು ಎಂದು ಆಯಿ ಕೇಳಿದರೆ ಉತ್ತರ ಕೊಡಬೇಕಾದವರು ಅಂಗಡಿಯಲ್ಲಿ ಕೂತವರು.

ಶುರು ಮಾಡುವವರಿಗೆ ನನ್ನ ಸಲಹೆ ಒಂದೇ: ಕೈಯಿಂದ ಮಾಡಲು ಬರುವ ಲೆಕ್ಕವನ್ನೇ ಆರಿಸಿಕೊಳ್ಳಿ. ಉತ್ತರ ಮೊದಲೇ ಗೊತ್ತಿದ್ದರೆ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಝಕಾತ್ ಲೆಕ್ಕ ಒಳ್ಳೆಯ ಆರಂಭ. ನಗದು, ಬಂಗಾರ, ಬೆಳ್ಳಿ, ವ್ಯಾಪಾರದ ಸರಕು ಕೂಡಿಸಿ, ಕೊಡಬೇಕಾದ ಸಾಲ ಕಳೆದು, ಉಳಿದದ್ದು ನಿಸಾಬ್ ಮುಟ್ಟಿದರೆ ಶೇ. 2.5. ನಿಸಾಬಿಗೆ ನಮ್ಮ ಕಡೆ 52.5 ತೊಲೆ ಬೆಳ್ಳಿಯ ಬೆಲೆ ಹಿಡಿಯುವುದು ರೂಢಿ. ಬೆಳ್ಳಿಯ ಬೆಲೆ ದಿನವೂ ಬದಲಾಗುತ್ತದೆ, ಆದ್ದರಿಂದ ಅದನ್ನು ಕೋಡಿನೊಳಗೆ ಬರೆದುಬಿಡಬೇಡಿ, ಒಂದು ಖಾನೆ ಇಡಿ. ಇನ್ನೊಂದು ಎಚ್ಚರಿಕೆ: ಪೈಥಾನಿನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ. ಹಣವನ್ನು ಪೈಸೆಯಲ್ಲಿ ಪೂರ್ಣಸಂಖ್ಯೆಯಾಗಿ ಇಟ್ಟರೆ ಈ ಗೋಳಿಲ್ಲ. ಮನೆಯಲ್ಲಿ ಹೊಲಿಗೆ ಕೆಲಸ ಮಾಡುವವರಿದ್ದರೆ ಅಳತೆ, ಮುಂಗಡ, ಬಾಕಿಯ ಪ್ರೋಗ್ರಾಮ್ ಮಾಡಿ. ನಮ್ಮ ತರಗತಿಯ ಹುಡುಗಿಯರಲ್ಲಿ ಎಷ್ಟೋ ಜನರ ಮನೆಯಲ್ಲಿ ಈ ಲೆಕ್ಕ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿದೆ.

ಪ್ರಾಂಶುಪಾಲರಿಗೂ ಅಧ್ಯಾಪಕರಿಗೂ ನನ್ನ ವಿನಂತಿ ಇದು. ವಾರಕ್ಕೆ ಒಂದು ಗಂಟೆ, ಸೈನ್ಸ್‌ನವರಿಗೆ ಪ್ರಾಕ್ಟಿಕಲ್ ಇಲ್ಲದ ಹೊತ್ತಿನಲ್ಲಿ, ಲ್ಯಾಬನ್ನು ಕಾಮರ್ಸ್ ಮತ್ತು ಆರ್ಟ್ಸ್‌ನವರಿಗೆ ತೆರೆದಿಡಿ. ಮನೆಯಲ್ಲಿ ಕಂಪ್ಯೂಟರ್ ಇರುವವರು ನಮ್ಮಲ್ಲಿ ಬಹಳ ಕಡಿಮೆ. ನನಗೆ ಚಾಚಾನ ಮಗ ಸಿಕ್ಕಿದ, ಎಲ್ಲರಿಗೂ ಸಿಗುವುದಿಲ್ಲ. ಹೊಸ ಮಷೀನ್ ಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ, ಅಂಕವೂ ಬೇಡ. ಸೈನ್ಸ್‌ನವರು ನಮಗೆ ಲೂಪ್ ಹೇಳಿಕೊಡಲಿ, ನಾವು ಅವರಿಗೆ ಲೆಡ್ಜರ್ ಹೇಳಿಕೊಡುತ್ತೇವೆ.

ಆಯಿ ಈಗಲೂ ಅಂಗಡಿಗೆ ಬರುತ್ತಾರೆ. ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿದಾಗ ಕನ್ನಡಕ ಸರಿಮಾಡಿಕೊಂಡು ಅಂಕಿ ಮಾತ್ರ ಓದುತ್ತಾರೆ. "ಹಾಂ, ಬರಕೋ" ಎನ್ನುತ್ತಾರೆ. ಆಮೇಲೆ ನಾನು ಬಟನ್ ಒತ್ತುತ್ತೇನೆ.