ಇಂಟರ್‌ವ್ಯೂಗೆ ಹೊರಟ ತಂಗೀ, ಕನ್ನಡವನ್ನು ಬಾಗಿಲಾಚೆ ಬಿಟ್ಟು ಹೋಗಬೇಡ!

ಜೀವನ್ ಬಿಮಾ ನಗರದ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತು ನೋಡಿ. ಬಿಗಿಯಾಗಿ ಹೆಣೆದ ಜಡೆ, ಇಸ್ತ್ರಿ ಮಾಡಿದ ಚೂಡಿದಾರ, ಎದೆಗವಚಿಕೊಂಡ ಪ್ಲಾಸ್ಟಿಕ್ ಫೈಲು. ತುಟಿಯಲ್ಲಿ ಪಿಟಿಪಿಟಿ. ದೇವರ ಶ್ಲೋಕವಲ್ಲ ಸ್ವಾಮಿ, ‘ಮೈಸೆಲ್ಫ್’ ಎಂದು ಶುರುವಾಗುವ ಇಂಗ್ಲಿಷ್ ಬಾಯಿಪಾಠ! ನರ್ಸಿಂಗ್ ಮುಗಿಸಿ ಮೊದಲ ಇಂಟರ್‌ವ್ಯೂಗೆ ಹೊರಟವಳು ನಮ್ಮ ಹುಡುಗಿ.

ಹೋದ ತಿಂಗಳು ಅಂಥವಳೊಬ್ಬಳನ್ನು ಮಾತಾಡಿಸಿದೆ. ನಮ್ಮ ಬೀದಿಯವಳೇ. ಅಪ್ಪ ಆಟೋ ಓಡಿಸುತ್ತಾರೆ. “ಕೆಲಸ ಎಲ್ಲಾ ಬರುತ್ತೆ ಅಣ್ಣಾ. ಅವರು ಇಂಗ್ಲಿಷಲ್ಲಿ ಕೇಳಿದ ತಕ್ಷಣ ಬಾಯಿ ಒಣಗಿಹೋಗುತ್ತೆ. ಕನ್ನಡ ಮೀಡಿಯಂ ಅಂತ ಗೊತ್ತಾದ್ರೆ ಬೇಡ ಅಂತಾರೇನೋ” ಎಂದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಈ ಹೆದರಿಕೆಯನ್ನು ಅವಳ ತಲೆಗೆ ತುಂಬಿದವರ ಮೇಲೆ.

ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗನ್ನೋ, ಮೂರು ವರ್ಷದ ಜಿ.ಎನ್.ಎಂ. ಅನ್ನೋ ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದು ಪಾಸಾದವಳಿಗೆ ಹದಿನೈದು ನಿಮಿಷದ ಇಂಗ್ಲಿಷ್ ಮಾತಿಗೆ ಯಾಕೆ ನಡುಕ? ತನ್ನ ಹತ್ತಿರ ಏನಿಲ್ಲ ಎಂಬುದನ್ನಷ್ಟೇ ಅವಳಿಗೆ ಎಲ್ಲರೂ ಹೇಳಿಕೊಟ್ಟಿದ್ದಾರೆ. ಏನಿದೆ ಎಂಬುದನ್ನು ಯಾರೂ ಹೇಳಿಲ್ಲ!

ನಾನು ಹೇಳುತ್ತೇನೆ, ಕೇಳು.

ಮೂರು ವರ್ಷದ ಹಿಂದೆ ನಮ್ಮತ್ತೆಯನ್ನು ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೆವು. ಹೆಸರು ಬೇಡ. ರಾತ್ರಿ ಎರಡು ಗಂಟೆಗೆ ಅತ್ತೆ, “ಎದೆ ಹಿಂಡಿದಂಗಾಗ್ತಿದೆ ಕಣಮ್ಮಾ, ಕೈಯೆಲ್ಲಾ ಜೋಮು” ಎಂದರು. ಪಾಳಿಯಲ್ಲಿದ್ದ ನರ್ಸ್‌ಗೆ ಅರ್ಥವಾಗಲಿಲ್ಲ. ಡ್ರಿಪ್ ಹಾಕಿದ ಕೈ ನೋಯುತ್ತಿದೆ ಎಂದುಕೊಂಡು ಅದನ್ನು ನೋಡಿ, ತಟ್ಟಿ ಮಲಗಿಸಿ ಹೋದಳು. ಪಕ್ಕದ ಬೆಡ್ಡಿನವರ ಮಗಳು ಓಡಿಹೋಗಿ ಬಿಡಿಸಿ ಹೇಳಿದ ಮೇಲೆ ಇ.ಸಿ.ಜಿ. ಆಯಿತು, ಡಾಕ್ಟರು ಬಂದರು. ಅತ್ತೆ ಉಳಿದರು. ಆ ಹುಡುಗಿ ಬೆಂಗಳೂರಿಗೆ ಬಂದು ಹತ್ತೇ ದಿನವಾಗಿತ್ತಂತೆ. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ತಪ್ಪು, ನಾಲ್ಕು ಮಾತು ಕನ್ನಡ ಕಲಿಸದೆ ಅವಳನ್ನು ರಾತ್ರಿ ಪಾಳಿಗೆ ನಿಲ್ಲಿಸಿದವರದು.

ಈಗ ಹೇಳು ತಂಗೀ, ಆ ರಾತ್ರಿ ಅಲ್ಲಿ ನೀನಿದ್ದಿದ್ದರೆ? ಎದೆ ಉರಿಯುವುದಕ್ಕೂ ಎದೆ ಹಿಂಡುವುದಕ್ಕೂ ಇರುವ ವ್ಯತ್ಯಾಸ ನಿನಗೆ ಗೊತ್ತು. ಉಬ್ಬಸ, ವಾಕರಿಕೆ, ಜೋಮು, ತಲೆಸುತ್ತು ಯಾವುದನ್ನೂ ಯಾರೂ ನಿನಗೆ ಬಿಡಿಸಿ ಹೇಳಬೇಕಿಲ್ಲ. ಮುದುಕಿಯೊಬ್ಬಳು “ಒಂಥರಾ ಆಗ್ತಿದೆ” ಎಂದರೆ ಸುಮ್ಮನೆ ಹೋಗಬಾರದು, ನಾಡಿ ಹಿಡಿದು ಬಿ.ಪಿ. ನೋಡಬೇಕು ಎಂದು ನಿನಗೆ ತೋಚುತ್ತದೆ. ಆಸ್ಪತ್ರೆಯಲ್ಲಿ ಕನ್ನಡ ಎಂದರೆ ಬರೀ ಅಭಿಮಾನವಲ್ಲ, ಚಿಕಿತ್ಸೆಯ ಮೊದಲ ಮೆಟ್ಟಿಲು!

ಇದು ನಮ್ಮ ಭಾಷಣವಲ್ಲ. ಆಸ್ಪತ್ರೆಗಳ ಗುಣಮಟ್ಟಕ್ಕೆ ಮುದ್ರೆ ಒತ್ತುವ ಎನ್.ಎ.ಬಿ.ಎಚ್. ನಿಯಮಗಳೇ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು ಎನ್ನುತ್ತವೆ. ಆ ಮುದ್ರೆಯನ್ನು ಗೇಟಿಗೆ ತೂಗುಹಾಕಿಕೊಂಡ ಆಸ್ಪತ್ರೆಗೆ ನಿನ್ನ ಕನ್ನಡ ಬೇಕೇ ಬೇಕು. ಇಂದಿರಾನಗರದ ಇ.ಎಸ್.ಐ., ಸರ್ ಸಿ.ವಿ. ರಾಮನ್ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್, ಹಳೇ ವಿಮಾನ ನಿಲ್ದಾಣ ರಸ್ತೆಯ ಖಾಸಗಿ ಆಸ್ಪತ್ರೆಗಳು, ಎಲ್ಲಾದರೂ ವಾರ್ಡಿನಲ್ಲಿ ಒಂದು ಸುತ್ತು ಹಾಕು. ಕನ್ನಡ ಬಿಟ್ಟರೆ ಬೇರೆ ಭಾಷೆಯಲ್ಲಿ ನೋವು ಹೇಳಲಾಗದವರು ಎಲ್ಲಾ ಕಡೆ ಸಿಗುತ್ತಾರೆ. ಹಲಸೂರು, ಶಿವಾಜಿನಗರದಲ್ಲಿ ಬೆಳೆದಿದ್ದರೆ ತಮಿಳು, ಉರ್ದುವೂ ಬಾಯಲ್ಲಿರುತ್ತವೆ. ಅವನ್ನೂ ಹೇಳಿಕೋ!

ಹಾಗಂತ ‘ನಾನು ಕನ್ನಡದವಳು’ ಎಂದೊಡನೆ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಮಹಿಷಿ ವರದಿ 1986ರಿಂದ ಜಾರಿಗೆ ಕಾಯುತ್ತಿದೆ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಕಂಪನಿಗಳು ಕಣ್ಣು ಕೆಂಪು ಮಾಡಿದೊಡನೆ ಸರ್ಕಾರ ಅದನ್ನು ತಡೆಹಿಡಿಯಿತು. ಅದಕ್ಕಾಗಿ ಹೋರಾಟ ನಡೆಯಲಿ. ಆದರೆ ನಿನ್ನ ಇಂಟರ್‌ವ್ಯೂ ನಾಳೆ ಒಂಬತ್ತು ಗಂಟೆಗಿದೆ!

ಕೇರಳದ ಹುಡುಗಿಯರನ್ನು ಬೈಯುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ. ಅವರು ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು, ಸೀನಿಯರ್‌ಗಳಿಂದ ಪ್ರಶ್ನೆಗಳನ್ನು ಕೇಳಿಕೊಂಡು, ತಯಾರಾಗಿ ಬರುತ್ತಾರೆ. ಅದನ್ನು ಅವರಿಂದ ಕಲಿಯೋಣ.

ಮೊದಲು ಕಾಗದಪತ್ರ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರ, ಎಲ್ಲಾ ವರ್ಷದ ಅಂಕಪಟ್ಟಿ, ಆಧಾರ್, ಫೋಟೋ, ಎರಡೆರಡು ಜೆರಾಕ್ಸ್. ಮೂಲ ಪತ್ರ ತೋರಿಸು, ಕೊಟ್ಟು ಬರಬೇಡ. ಅರ್ಜಿಯಲ್ಲಿ ‘ತಿಳಿದ ಭಾಷೆಗಳು’ ಎಂಬ ಕಡೆ ಕನ್ನಡವನ್ನು ಮೊದಲು ಬರೆ.

ಆಮೇಲೆ ಕೆಲಸದ ಪ್ರಶ್ನೆ. ಹೊಸಬರಿಗೆ ಕೇಳುವುದು ಬಹುಪಾಲು ಕೈಕೆಲಸದ ವಿಷಯ. ಔಷಧಿ ಕೊಡುವ ಮುಂಚೆ ಏನೇನು ನೋಡುತ್ತೀಯ? ಸರಿಯಾದ ರೋಗಿ, ಸರಿಯಾದ ಔಷಧಿ, ಪ್ರಮಾಣ, ದಾರಿ, ಹೊತ್ತು. 500 ಎಂ.ಎಲ್. ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಒಂದು ಎಂ.ಎಲ್.ಗೆ 20 ಹನಿ, ನಿಮಿಷಕ್ಕೆಷ್ಟು? ಹತ್ತು ಸಾವಿರ ಹನಿಯನ್ನು 240 ನಿಮಿಷಕ್ಕೆ ಭಾಗಿಸು, ಸುಮಾರು 42. ಎದೆ ಒತ್ತುವುದು 30 ಸಲ, ಉಸಿರು ಎರಡು, ನಿಮಿಷಕ್ಕೆ 100ರಿಂದ 120ರ ವೇಗ. 2016ರ ನಿಯಮದ ಪ್ರಕಾರ ರಕ್ತದ ಹತ್ತಿ ಹಳದಿ ಚೀಲಕ್ಕೆ, ಡ್ರಿಪ್ ಟ್ಯೂಬು ಕೆಂಪಿಗೆ, ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ, ಗಾಜಿನ ಬಾಟಲಿ ನೀಲಿಗೆ. ಇವೆಲ್ಲಾ ನೀನು ವಾರ್ಡಿನಲ್ಲಿ ಮಾಡಿದ್ದೇ!

ಒಂದು ಉಪಾಯ ಹೇಳುತ್ತೇನೆ. ಉತ್ತರವನ್ನು ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೋ. ವಿಷಯ ಹಿಡಿತಕ್ಕೆ ಬಂದ ಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳು. ಗೆಳತಿಯನ್ನು ತಾರಸಿಗೆ ಕರೆದು ಎದುರು ಕೂರಿಸಿಕೋ, ಅವಳು ಕೇಳಲಿ. ಬಾಯಿಪಾಠ ಮಾಡಿದ್ದು ಮಧ್ಯದಲ್ಲಿ ಕೈಕೊಡುತ್ತದೆ, ತಿಳಿದು ಹೇಳಿದ್ದು ಕೈಕೊಡುವುದಿಲ್ಲ. ಗೊತ್ತಿಲ್ಲದ್ದು ಕೇಳಿದರೆ ‘ಗೊತ್ತಿಲ್ಲ, ಸೀನಿಯರನ್ನು ಕೇಳಿಯೇ ಮಾಡುತ್ತೇನೆ’ ಎನ್ನು. ನರ್ಸ್ ಕೆಲಸದಲ್ಲಿ ಅದು ಅವಮಾನವಲ್ಲ. ಗೊತ್ತಿಲ್ಲದೆ ಗೊತ್ತು ಎನ್ನುವವಳೇ ರೋಗಿಗೆ ಅಪಾಯ.

‘ನಿನ್ನನ್ನೇ ಯಾಕೆ ತಗೋಬೇಕು’ ಎಂದು ಕೇಳೇ ಕೇಳುತ್ತಾರೆ. ಆಗ ತಲೆ ತಗ್ಗಿಸಬೇಡ. ‘ನಿಮ್ಮ ರೋಗಿ ಹೇಳಿದ್ದು ನನಗೆ ಅರ್ಥವಾಗುತ್ತದೆ, ನಾನು ಹೇಳಿದ್ದು ಅವರಿಗೆ ಅರ್ಥವಾಗುತ್ತದೆ’ ಎನ್ನು. ಇಂಗ್ಲಿಷಿನಲ್ಲೇ ಹೇಳು, ಬೇಡ ಎಂದವರ್ಯಾರು?

ಕೊನೆಗೆ ಸಂಬಳ. ಇಲ್ಲಿ ನಮ್ಮ ಹುಡುಗಿಯರು ‘ನೀವು ಕೊಟ್ಟಷ್ಟು’ ಎಂದು ಎದ್ದು ಬರುತ್ತಾರೆ! 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಮಾಡಿದ ಸಮಿತಿಯ ಶಿಫಾರಸು ಹೀಗಿದೆ: 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ರಾಜ್ಯ ಸರ್ಕಾರದ ನರ್ಸ್‌ಗೆ ಸಿಗುವಷ್ಟೇ ಸಂಬಳ ಕೊಡಬೇಕು. 50 ಹಾಸಿಗೆಗಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗೆ ಕಮ್ಮಿ ಕೂಡದು. ಶಿಫಾರಸು ಕಾಗದದಲ್ಲೇ ಉಳಿದಿರುವುದೇ ಹೆಚ್ಚು. ಆದರೂ ತಿಳಿದವಳಾಗಿ ಕೇಳು. ಪಾಳಿ ಎಷ್ಟು ಗಂಟೆ, ವಾರದ ರಜೆ ಇದೆಯೇ, ಬಾಂಡ್ ಇದೆಯೇ, ರಾತ್ರಿ ಮನೆಗೆ ಹೋಗಲು ಗಾಡಿ ಇದೆಯೇ? ಕೇಳುವುದು ಉದ್ಧಟತನವಲ್ಲ.

ಇನ್ನು ಸಂಘದ ಗೆಳೆಯರಿಗೆ ಒಂದು ಮಾತು. ನವೆಂಬರ್‌ನಲ್ಲಿ ಬಾವುಟ ಕಟ್ಟುತ್ತೀರಿ, ಆರ್ಕೆಸ್ಟ್ರಾ ಇಡುತ್ತೀರಿ. ಸಂತೋಷ. ಭಾನುವಾರ ಸಂಘದ ಕೋಣೆಯ ಬೀಗ ತೆಗೆಯಿರಿ. ನಮ್ಮ ಬಡಾವಣೆಯಲ್ಲೇ ಇರುವ ನಿವೃತ್ತ ನರ್ಸಮ್ಮಂದಿರನ್ನು ಕರೆಯಿರಿ. ಹತ್ತು ಹುಡುಗಿಯರು, ಹತ್ತು ಹುಡುಗರು ಇಂಟರ್‌ವ್ಯೂ ಅಭ್ಯಾಸ ಮಾಡಲಿ. ಜೊತೆಗೆ ಆಸ್ಪತ್ರೆಗಳ ಮುಂದೆ ಒಂದು ಬೇಡಿಕೆ ಇಡಿ: ನರ್ಸ್‌ಗಳ ಪ್ರತಿ ಇಂಟರ್‌ವ್ಯೂನಲ್ಲಿ ಒಂದಾದರೂ ಪ್ರಶ್ನೆ ಕನ್ನಡದಲ್ಲಿರಲಿ. ಹೊರಗಿನಿಂದ ಬಂದವರಿಗೆ ಸಂಬಳ ಕೊಟ್ಟೇ ಕನ್ನಡ ಕಲಿಸಲಿ. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ. ರೋಗಿಗೆ ನ್ಯಾಯವಿದೆ.

ನಮ್ಮ ಬಡಾವಣೆಯ ಹೆಸರಲ್ಲೇ ಜೀವವಿಮೆ ಇದೆ. ಹಾಸಿಗೆ ಹಿಡಿದ ಬಡ ಕನ್ನಡಿಗನಿಗೆ ನಿಜವಾದ ಜೀವವಿಮೆ ಅವನ ನರಳಾಟ ಅರ್ಥವಾಗುವ ನರ್ಸ್. ಅದು ನೀನು ತಂಗೀ. ತಲೆಯೆತ್ತಿ ಒಳಗೆ ಹೋಗು!